ಸಾಕೆನ್ನುವವರೆಗೂ ಮೀನು

ಶುಕ್ರವಾರ ಸಂಜೆಯಾಯಿತೆಂದರೆ ವಿಸ್ಕಾನ್ಸಿನ್‌ನ ಆ ಊರಿನಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಎಲ್ಲರೂ ಕರಿದ ಮೀನಿಗೆಂದು ವೆರ್ನಾಳ ಹೋಟೆಲಿಗೆ ಬರುತ್ತಾರೆ. ‘ಸಾಕೆನ್ನುವವರೆಗೂ ಮೀನು’ ಎಂದು ಅವಳ ಅತ್ತೆ ಬರೆಸಿದ ಬೋರ್ಡು ಬಾಗಿಲ ಮೇಲೆ ಇನ್ನೂ ಇದೆ. ಕರ್ಟಿಸ್‌ನಂಥ ಹನ್ನೊಂದು ತುಂಡಿನ ಗಿರಾಕಿ ಬಂದಾಗಲೂ ವೆರ್ನಾ ಆ ಮಾತಿಗೆ ತಪ್ಪಿದವಳಲ್ಲ.

ಈ ಕರ್ಟಿಸ್ ಮೊಬೈಲ್ ಕಂಪನಿಯ ಅಂಗಡಿಯ ಮ್ಯಾನೇಜರು. ವೆರ್ನಾಳಿಗೆ ‘ಮಿತಿಯೇ ಇಲ್ಲದ ಡೇಟಾ’ ಪ್ಲಾನು ಮಾರಿದ ಪುಣ್ಯಾತ್ಮ ಇವನೇ. ಅವಳು ಕೊಂಡದ್ದು ಒಂದೇ ಕಾರಣಕ್ಕೆ. ಮೊಮ್ಮಗಳು ಬ್ರಿಟಾ ದೂರದ ಡುಲುತ್‌ನಲ್ಲಿ ಐಸ್ ಹಾಕಿ ತಂಡದ ಗೋಲ್‌ಕೀಪರ್. ಪಂದ್ಯಗಳೆಲ್ಲ ಶುಕ್ರವಾರ, ಅದೂ ಸರಿಯಾಗಿ ಮೀನಿನ ಹೊತ್ತಿಗೆ. ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ, ಕರಿಯುತ್ತಲೇ ಮೊಮ್ಮಗಳನ್ನು ನೋಡುವುದು ವೆರ್ನಾಳಿಗೆ ವಾರವಿಡೀ ಕಾಯುವ ಸುಖ. ಆದರೆ ತಿಂಗಳ ಇಪ್ಪತ್ತು ದಾಟಿತೋ, ಕಂಪನಿ ವೇಗ ಇಳಿಸಿ ಚಿತ್ರ ಬಸವನಹುಳುವಾಗುತ್ತಿತ್ತು.

ಇವತ್ತು ಫೈನಲ್. ತಾರೀಖು ಇಪ್ಪತ್ತೇಳು. ಇದೊಂದು ಸಂಜೆಗಾದರೂ ವೇಗ ಬಿಡಪ್ಪಾ ಎಂದು ಬೆಳಿಗ್ಗೆಯೇ ಅಂಗಡಿಗೆ ಹೋಗಿ ಕೇಳಿದ್ದಳು.

“ನಿಲ್ಲಿಸಿಲ್ವಲ್ರೀ ವೆರ್ನಾ, ನಿಧಾನ ಮಾಡಿದೀವಿ ಅಷ್ಟೆ,” ಎಂದಿದ್ದ ಕರ್ಟಿಸ್. “ಜಾಸ್ತಿ ಬಳಸೋರಿಂದ ಉಳಿದೋರಿಗೆ ತೊಂದ್ರೆ ಆಗ್ಬಾರ್ದಲ್ಲ?”

ಅದನ್ನು ನಗುನಗುತ್ತಲೇ ಹೇಳಿದ್ದ. ವೆರ್ನಾಳಿಗೆ ಮೈಯೆಲ್ಲ ಉರಿದಿತ್ತು.

ಸಂಜೆ ಕರ್ಟಿಸ್ ಬಂದು ಕೂತ. ಮೊದಲ ಮೂರು ತುಂಡು ಬಿಸಿಬಿಸಿಯಾಗಿ ಬಂದವು. ನಾಲ್ಕನೆಯದು ಬರಲಿಲ್ಲ. ಎಲೆಕೋಸಿನ ಪಲ್ಯ ಮುಗಿಯಿತು, ಬ್ರೆಡ್ಡು ಮುಗಿಯಿತು, ಅಕ್ಕಪಕ್ಕದ ಮೇಜಿನವರ ತಟ್ಟೆ ಎರಡೆರಡು ಸಲ ತುಂಬಿತು. ಇಪ್ಪತ್ತೈದು ನಿಮಿಷ ಕಾದವನು ಎದ್ದು ಅಡುಗೆಮನೆಯ ಬಾಗಿಲಿಗೇ ಬಂದ.

“ವೆರ್ನಾ, ನನ್ ಮೀನೆಲ್ಲಿ?”

“ಬರ್ತಾ ಇದೆ ಕಣಪ್ಪಾ. ನಿಲ್ಲಿಸಿಲ್ಲ, ನಿಧಾನ ಮಾಡಿದೀನಿ ಅಷ್ಟೆ. ಜಾಸ್ತಿ ತಿನ್ನೋರಿಂದ ಉಳಿದೋರಿಗೆ ತೊಂದ್ರೆ ಆಗ್ಬಾರ್ದಲ್ಲ?”

“ಬೋರ್ಡಲ್ಲಿ ಸಾಕೆನ್ನೋವರೆಗೂ ಅಂತಿದೆ!”

“ಇದೆ. ಎಷ್ಟ್ ಹೊತ್ತಿಗೆ ಅಂತ ಬರ್ದಿದ್ಯಾ?”

ಹೊರಗೆ ಕೂತವರೆಲ್ಲ ಗೊಳ್ಳೆಂದರು. ಕರ್ಟಿಸ್ ಕೆಂಪಗಾದ. ಆದರೆ ಹಸಿದ ಹೊಟ್ಟೆಗೆ ಯಾವ ಕಂಪನಿಯ ಹಂಗು? ಜೇಬಿನಿಂದ ತನ್ನ ಫೋನು ತೆಗೆದು ಉಪ್ಪಿನ ಡಬ್ಬಕ್ಕೆ ತಾನೇ ಒರಗಿಸಿದ.

“ನಿಮ್ ವೇಗ ನನ್ ಕೈಲಿಲ್ಲ, ಅದು ಹೆಡ್ ಆಫೀಸ್ ಕಂಪ್ಯೂಟರ್ ಕೆಲ್ಸ. ತಗೊಳ್ಳಿ, ಇದ್ರಲ್ಲಿ ನೋಡಿ. ನಾನು ಕಂಪನಿಯವನೇ, ನಂಗೆ ಆ ಕಾಟ ಇಲ್ಲ.”

ವೆರ್ನಾ ಒಂದೇ ಸಲಕ್ಕೆ ನಾಲ್ಕು ತುಂಡು ಅವನ ತಟ್ಟೆಗೆ ಹಾಕಿದಳು. ಚಿತ್ರ ಕನ್ನಡಿಯಂತಿತ್ತು. ಬ್ರಿಟಾಳ ಹೆಲ್ಮೆಟ್ಟಿನ ಗೀರು ಕೂಡ ಕಾಣುತ್ತಿತ್ತು. ಅವಳ ತಂಡಕ್ಕೆ ಒಂದು ಗೋಲಿನ ಮುನ್ನಡೆ, ಉಳಿದದ್ದು ಒಂಬತ್ತು ಸೆಕೆಂಡು. ಎದುರಾಳಿ ಹುಡುಗಿ ಬೀಸಿ ಹೊಡೆದಳು. ಆ ಆಟದಲ್ಲಿ ಚೆಂಡಿನ ಬದಲಿಗಿರುವ ಕಪ್ಪು ಬಿಲ್ಲೆ ಗಾಳಿಯಲ್ಲಿ ಹಾರಿತು, ಹಾರಿದ್ದು ಅಲ್ಲೇ ನಿಂತಿತು. ನಡುವೆ ಒಂದು ಬಿಳಿ ಚಕ್ರ ತಿರುಗತೊಡಗಿತು. ಕೆಳಗೆ ಸಂದೇಶ ಮೂಡಿತು.

ದಿನಕ್ಕೆ ಹತ್ತು ಸಲ ಬೇರೆಯವರಿಗೆ ಒಪ್ಪಿಸುವ ಪಾಠವನ್ನು ಕರ್ಟಿಸ್ ತನ್ನದೇ ಫೋನಿನಲ್ಲಿ ಓದಿಕೊಂಡ. “ಈ ತಿಂಗಳು... ವೇಗ... ನಂಗೂನಾ?”

ವೆರ್ನಾಳಿಗೆ ನಗು ಬರಬೇಕಿತ್ತು. ಬಂದದ್ದು ಅಳು. ಎಣ್ಣೆಯಲ್ಲಿ ಮೀನು ಸೀದರೂ ಅವಳು ಕದಲಲಿಲ್ಲ. ಚಕ್ರ ತಿರುಗುತ್ತಲೇ ಇತ್ತು.

ಹತ್ತು ನಿಮಿಷದ ಮೇಲೆ ಗೋಡೆಯ ಹಳೇ ಫೋನು, ಆ ಸುರುಳಿ ವೈರಿನದು, ಟ್ರಿಣ್ ಎಂದಿತು.

“ಅಜ್ಜೀ, ಹಿಡ್ದುಬಿಟ್ಟೆ! ಗೆದ್ವಿ! ನೋಡಿದ್ಯಾ?”

ವೆರ್ನಾ ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ಉಪ್ಪಿನ ಡಬ್ಬದತ್ತ ನೋಡಿದಳು.

“ನೋಡ್ತಾನೇ ಇದೀನಿ ಪುಟ್ಟೀ. ಬಿಲ್ಲೆ ಇಲ್ಲಿ ಇನ್ನೂ ದಾರೀಲೇ ಇದೆ. ಅದು ಬರೋಷ್ಟ್ರಲ್ಲಿ, ಹೇಗೆ ಹಿಡ್ದೆ ಅಂತ ನೀನೇ ಹೇಳು.”