ಎಲುಬಿಲ್ಲದ ಫೋಟೋ

ಕೊಪ್ಪಳದಲ್ಲಿ ಫೋಟೋ ತೆಗೆಯುವವನು ಆಗ ನಾನೊಬ್ಬನೇ, ತಿಮ್ಮಣ್ಣ. ಒಬ್ಬನೇ ಇದ್ದವನಿಗೆ ಎಷ್ಟು ಸೊಕ್ಕು ಇರಬೇಕೋ ಅಷ್ಟು ನನಗೂ ಇತ್ತು. ಎಂಥ ಸಾಹುಕಾರ ಬಂದು ಕುಳಿತರೂ "ಗದ್ದ ಮ್ಯಾಲೆತ್ತರಿ, ಉಸುರು ಹಿಡೀರಿ" ಎಂದು ಗದರುತ್ತಿದ್ದೆ. ಅಂಥವನ ಮರ್ಯಾದೆಯನ್ನು ಒಂದು ಬೆಕ್ಕು ತೆಗೆಯಿತು ನೋಡಿ.

ಜರ್ಮನಿಯ ಯುದ್ಧ ಶುರುವಾದ ಮರುವರ್ಷದ ಮಾತು. ಕಿರಾಣಿ ಅಂಗಡಿಯ ಈಶಪ್ಪನವರು ಮಗಳು ಕಳಕಮ್ಮನನ್ನು ಫೋಟೋಕ್ಕೆ ಕರೆತಂದರು. ಯಲಬುರ್ಗಿಯ ಹತ್ತಿ ವ್ಯಾಪಾರದ ಮನೆಯಲ್ಲಿ ಅಂದಪ್ಪ ಎಂಬ ವರನಿದ್ದ. ಅವನ ಆಯಿ, ಎಂದರೆ ಅಜ್ಜಿ, ಬಸವಣ್ಣೆಮ್ಮ ಕನ್ಯೆಯ ಫೋಟೋ ಕೇಳಿದ್ದಳು. ವರನಿಗೆ ತೋರಿಸಲಿಕ್ಕಲ್ಲ, ದೇವರಿಗೆ! ಆ ಮನೆಯಲ್ಲಿ ಕನ್ಯೆ ನೋಡುವ ಮೊದಲು ದೇವರ ಜಗಲಿಯ ಲಿಂಗಕ್ಕೆ ಒದ್ದೆ ಹೂವು ಅಂಟಿಸಿ ಪ್ರಸಾದ ಕೇಳುತ್ತಿದ್ದರು. ಹೂವು ಬಲಕ್ಕೆ ಬಿದ್ದರೆ ಲಗ್ನ, ಎಡಕ್ಕೆ ಬಿದ್ದರೆ ಇಲ್ಲ. ಬರೀ ಹೆಸರು ಹೇಳುವುದಕ್ಕಿಂತ ಮುಖವನ್ನೇ ಮುಂದಿಟ್ಟರೆ ದೇವರಿಗೂ ಅನುಕೂಲ ಎಂಬುದು ಮುದುಕಿಯ ಲೆಕ್ಕ. ದೇವರು ನೋಡುವ ಮೊದಲು ಮನೆಯವರು ಯಾರೂ ಫೋಟೋ ನೋಡುವಂತಿಲ್ಲ. ದೇವರು ಬಲಗಡೆ ಕೊಟ್ಟನೆಂದರೆ ಆಮೇಲೆ ಯಾರೂ ಒಲ್ಲೆ ಎನ್ನುವಂತಿಲ್ಲ.

ಕಳಕಮ್ಮನ ಮುಖದ ತುಂಬ ಸಿಡುಬಿನ ಕಲೆ. ಕನ್ಯೆ ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆದು, ಹೋದವರು ಹೋದಂತೆಯೇ. ಅದಕ್ಕೇ ಅವಳ ಚಿತ್ರ ಮೂಡಿದ ಗಾಜಿನ ಪ್ಲೇಟು ಒಣಗಿದ ಕೂಡಲೇ ನಾನು ಪೆನ್ಸಿಲ್ ತೆಗೆದೆ. ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಿದರೆ ಎಂಥ ಕಲೆಯೂ ಮುಚ್ಚುತ್ತದೆ. ಹುಡುಗಿ ಎದ್ದು ಬಂದು ಅಡ್ಡ ನಿಂತಳು.

"ಕೆಳಗ ಇಡ್ರಿ ಅದನ್ನ. ನಮ್ಮ ಸೋದರತ್ತಿ ಕಾಲು ಕುಂಟು ಅಂತ ಹೇಳಲಾರದ ಕೊಟ್ಟಿದ್ರು. ವಾರ ತುಂಬೂದರಾಗ ತಿರುಗಿ ಕಳಿಸಿದ್ರು. ಈಗೂ ನಮ್ಮ ಮನ್ಯಾಗ ಅದಾಳ. ನನಗ ಆ ಬಾಳೆ ಬ್ಯಾಡ."

ಇವಳ ಬಾಯಿಗೆ ಯಾರು ಎದುರಾಡುತ್ತಾರೆ? ಕಲೆ ಇದ್ದ ಹಾಗೆಯೇ ಫೋಟೋವನ್ನು ಹಾಳೆಗೆ ಇಳಿಸಿ ಕೊಟ್ಟೆ.

ಅಲ್ಲಿ ಬಸವಣ್ಣೆಮ್ಮ ಏನು ಮಾಡಬೇಕು? ಊರೂರು ಸುತ್ತಿ ಬಂದ ವಸ್ತು, ಮೈಲಿಗೆಯಾಗಿದ್ದೀತು ಎಂದು ಫೋಟೋಕ್ಕೆ ನೀರು ಚಿಮುಕಿಸಿ, ಒದ್ದೆ ವಿಭೂತಿ ಬಳಿದು, ರಾತ್ರಿ ಜಗಲಿಯ ಮೇಲೆ ಇಟ್ಟಳಂತೆ. ಬೆಳಗ್ಗೆ ಎದ್ದು ನೋಡಿದರೆ ಬೆಕ್ಕು ಕುಳಿತು ಫೋಟೋ ನೆಕ್ಕುತ್ತಿತ್ತು. ಸೀರೆ ಉಳಿದಿತ್ತು, ಕೈಬಳೆ ಉಳಿದಿತ್ತು, ಮುಖ ಮಾತ್ರ ಬೆಕ್ಕಿನ ಹೊಟ್ಟೆಗೆ ಹೋಗಿತ್ತು.

"ಬೆಕ್ಕು ಹಾಳಿ ನೆಕ್ಕತೈತೇನೋ ತಿಮ್ಮಣ್ಣ? ಅದರಾಗ ಏನ ಹಾಕೀ ಅಂತ ಯಲಬುರ್ಗಿ ಅಮ್ಮಾರು ಕೇಳ್ಯಾರ," ಎಂದು ಈಶಪ್ಪನವರು ಓಡಿ ಬಂದರು.

ಗೊತ್ತಿಲ್ಲ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ವಿದ್ಯೆ ತೋರಿಸುವ ಚಟ ಬಿಡಬೇಕಲ್ಲ. "ಅದು ಜಿಲಾಟಿನ್ ರೀ ಸಾವ್ಕಾರ್ರ. ಎಲುಬು, ತೊಗಲು ಕುದಿಸಿ ತಗದ ಅಂಟು. ನೀರು ಬಿತ್ತಂದ್ರ ಉಬ್ಬಿ ಮೆತ್ತಗಾಕ್ಕೈತಿ," ಎಂದುಬಿಟ್ಟೆ. ಈಶಪ್ಪನವರು ಕುರ್ಚಿಯಿಂದ ಎಗರಿ ಎದ್ದರು. ಲಿಂಗವಂತರ ಜಗಲಿಯ ಮೇಲೆ ಎಲುಬು! ಸುದ್ದಿ ಯಲಬುರ್ಗಿಗೆ ಮುಟ್ಟಿತು, ಅಲ್ಲಿಂದ ತೀರ್ಪೂ ಬಂತು: ಎಲುಬಿಲ್ಲದ ಫೋಟೋ ತಂದರೆ ಮಾತು, ಇಲ್ಲದಿದ್ದರೆ ಈ ಕನ್ಯೆ ಬೇಡ.

ನನಗೆ ಎಲುಬು ಎಂದರೆ ಹಬ್ಬದ ದಿನ ಕುಟ್ಟಿ ಚೀಪುವ ಪದಾರ್ಥ. ಇವರ ಸಂಕಟ ನೋಡಿ ನಗು ಬಂತು. ಆದರೆ ಈಶಪ್ಪನವರ ಕಣ್ಣಲ್ಲಿ ನೀರು ಕಂಡ ಮೇಲೆ ನಗು ಇಳಿಯಿತು. ಬಳ್ಳಾರಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಒಮ್ಮೆ ಮರದ ಅಂಟಿನಿಂದ ಫೋಟೋ ಮಾಡಿ ತೋರಿಸಿದ್ದರು. ಅದು ನೆನಪಾಯಿತು.

"ಸಾವ್ಕಾರ್ರ, ನಿಮ್ಮ ಅಂಗಡ್ಯಾಗ ಜಾಲಿ ಅಂಟು ಐತೇನ್ರಿ? ಬಾಣಂತಿಯರ ಅಂಟಿನ ಉಂಡಿಗಿ ಹಾಕ್ತಾರಲ್ಲ, ಅದು."

"ಬೇಕಾದಷ್ಟು ಐತಿ. ಉಂಡಿ ಕಟ್ಟತೀಯೇನು?"

"ನಿಮ್ಮ ಮಗಳ ಲಗ್ನಾ ಕಟ್ಟತೀನಿ, ತರ್ರಿ."

ಅಂಟು ನೆನೆಸಿದೆ. ಅದಕ್ಕೆ ದೀಪದ ಮಸಿ, ಒಂದು ಕಿತ್ತಳೆ ಬಣ್ಣದ ಉಪ್ಪು ಕಲಸಿ, ಗಂಜಿ ಹಾಕಿ ಒಣಗಿಸಿದ ಹಾಳೆಗೆ ಬಳಿದೆ. ಅದರ ಮೇಲೆ ಗಾಜಿನ ಪ್ಲೇಟು ಇಟ್ಟು ಬಿಸಿಲಿಗೆ ಹಿಡಿಯಬೇಕು. ಬಿಸಿಲು ತಾಗಿದ ಕಡೆ ಅಂಟು ಗಟ್ಟಿಯಾಗಿ ಮಸಿ ಉಳಿಯುತ್ತದೆ, ಉಳಿದದ್ದು ನೀರಿನಲ್ಲಿ ಹೋಗುತ್ತದೆ. ಈಶಪ್ಪನವರು ಅಷ್ಟಕ್ಕೆ ಬಿಡಬೇಕಲ್ಲ!

"ಆ ಗಾಜಿನ ಮ್ಯಾಲೆ ಏನ ಬಳದಾರ?"

"ಅದ ಎಲುಬಿನ ಅಂಟು ರೀ."

"ಹಂಗಾದ್ರ ಹಾಳಿಗಿ ಮುಟ್ಟಿಸಬ್ಯಾಡ!"

ಹಾಳಾಗಿ ಹೋಗಲಿ ಎಂದು ಪ್ಲೇಟನ್ನು ಮಗುಚಿ, ಬರಿ ಗಾಜಿನ ಮೈ ಹಾಳೆಗೆ ತಾಗುವಂತೆ ಇಟ್ಟೆ. ಹಾಗೆ ಇಟ್ಟರೆ ಚಿತ್ರ ಮಸುಕಾಗುತ್ತದೆ, ಎಡ ಬಲ ಅದಲುಬದಲಾಗುತ್ತದೆ. ಎರಡೂ ಆಯಿತು. ಮೂಗುಬೊಟ್ಟು ಈ ಕಡೆಯಿಂದ ಆ ಕಡೆಗೆ ಹಾರಿತ್ತು. ಆದರೆ ಮುಖ? ಬೆಣ್ಣೆ ಸವರಿದ ಹಾಗೆ! ಹುಡುಕಿದರೂ ಒಂದು ಕಲೆ ಇಲ್ಲ. ಈಶಪ್ಪನವರು ಎರಡೂ ಕೈಯೆತ್ತಿ ಮುಗಿದರು. ನಾನು ಮೀಸೆ ತಿರುವಿದೆ. ಕಳಕಮ್ಮ ಮಾತ್ರ ಫೋಟೋ ಹಿಡಿದುಕೊಂಡು "ಇದು ಯಾರ್ರಿ?" ಎಂದಳು.

"ನೀನ ಅಲ್ಲೇನವಾ. ಪೆನ್ಸಿಲ್ ಮುಟ್ಟಿಲ್ಲ ನಾನು, ಆಣಿ ಮಾಡ್ತೀನಿ."

"ಹೂ ಬಲಕ್ಕ ಬಿತ್ತಂದ್ರ ಆ ಹುಡುಗ ಒಲ್ಲೆ ಅನ್ನಾಂಗಿಲ್ಲ. ಆಮ್ಯಾಲೆ ನನ್ನ ಮುಖಾ ನೋಡಿ ಜಲ್ಮಪೂರ್ತಿ ಹಲ್ಲು ಕಡೀತಾನ."

"ಸಾಕು ಬಾಯಿ ಮುಚ್ಚ," ಎಂದರು ಈಶಪ್ಪನವರು. ಅವಳು ಫೋಟೋವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು.

ಎಲುಬಿಲ್ಲ ಎಂದು ಸಾಕ್ಷಿ ಹೇಳಲು ಮರುದಿನ ನಾನೂ ಈಶಪ್ಪನವರ ಜೊತೆ ಯಲಬುರ್ಗಿಯ ಬಸ್ಸು ಹತ್ತಿದೆ. ದಾರಿಯಲ್ಲಿ ನನ್ನ ಕೈಚಳಕ ಇನ್ನೊಮ್ಮೆ ನೋಡೋಣ ಎಂದು ಫೋಟೋಕ್ಕೆ ಸುತ್ತಿದ ಬಟ್ಟೆ ಬಿಚ್ಚಿದರೆ, ಅಯ್ಯೋ ಶಿವನೇ! ಮುಖದ ತುಂಬ ಸೂಜಿಯ ತೂತು. ಹಣೆ, ಗಲ್ಲ, ಗದ್ದ, ಎಲ್ಲೆಲ್ಲಿ ಕಲೆ ಇತ್ತೋ ಅಲ್ಲೆಲ್ಲ ಹುಡುಗಿ ಚುಚ್ಚಿದ್ದಳು. ನನ್ನ ಮೈ ಉರಿಯಿತು. ಈಶಪ್ಪನವರು ಫೋಟೋ ನೋಡಿ, ಬಟ್ಟೆಯನ್ನು ಮತ್ತೆ ಬಿಗಿಯಾಗಿ ಸುತ್ತಿದರು.

ಬಸವಣ್ಣೆಮ್ಮನ ಕಣ್ಣಿಗೆ ಪೊರೆ ಬಂದು ಮಸುಕು ಮಸುಕಾಗಿ ಕಾಣುತ್ತಿತ್ತು. ದೇವರ ವಸ್ತು ಎಂದು ಫೋಟೋವನ್ನು ಮೆಲ್ಲಗೆ ಸವರಿದಳು. ಬೆರಳು ನಿಂತಿತು.

"ಏನಿವು ತೂತು?"

ಈಶಪ್ಪನವರು ನೆಲ ನೋಡಿದರು. ನನಗೆ ತಡೆಯಲಾಗಲಿಲ್ಲ. "ನನ್ನ ಕೆಲಸದಾಗ ಐಬಿಲ್ರೀ ಅಮ್ಮಾರ! ಫೋಟೋ ಚೊಕ್ಕ ಬಂದಿತ್ತು. ಆ ಹುಡುಗಿ ಸೂಜಿಲೆ ಚುಚ್ಚಿ ಕೆಡಿಸ್ಯಾಳ. ಆಕಿ ಮಾರಿ ಮ್ಯಾಲೆ ಸಿಡುಬಿನ ಕಲಿ ಅದಾವು, ಫೋಟೋದಾಗ ಬಂದಿದ್ದಿಲ್ಲ. ಅದಕ್ಕ!"

ಹೇಳಿದ ಮೇಲೆ ಗೊತ್ತಾಯಿತು, ಏನು ಹೇಳಿದೆ ಎಂದು. ಈಶಪ್ಪನವರು ನನ್ನನ್ನು ನೋಡಿದ ನೋಟ ಶತ್ರುವಿಗೂ ಬೇಡ.

ಮುದುಕಿ ಒಂದೊಂದೇ ತೂತಿನ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಒಳಗೆ ಮುಖ ಮಾಡಿ ಕೂಗಿದಳು. "ಅಂದಪ್ಪಾ, ಬಾ ಇಲ್ಲಿ. ಇದನ್ನ ಮೊದಲ ನೀ ನೋಡು. ದೇವರು ಬಲಗಡೆ ಕೊಟ್ಟ ಮ್ಯಾಲೆ ಒಲ್ಲೆ ಅನ್ನಾಕ ಬರೂದಿಲ್ಲ. ಅನ್ನೂದಿದ್ರ ಈಗ ಅನ್ನು. ಆಕಿ ಮುಚ್ಚಿಟ್ಟಿಲ್ಲ, ನಾವೂ ಮೋಸ ಮಾಡೂದು ಬ್ಯಾಡ."

ಅಂದಪ್ಪ ತೆಳ್ಳನೆಯ, ಮಾತು ಕಮ್ಮಿಯ ಹುಡುಗ. ಫೋಟೋ ಹಿಡಿದು ಬಾಗಿಲ ಬೆಳಕಿಗೆ ಹೋದ.

"ಇವನ್ನ ಆಕೀನ ಚುಚ್ಚ್ಯಾಳೇನ್ರಿ?"

"ಮತ್ಯಾರ್ರಿ? ಕನ್ನಡಿ ಮುಂದ ಕುಂತು ಚುಚ್ಚಿರಬೇಕು. ಒಂದೂ ಬಿಟ್ಟಿಲ್ಲ," ಎಂದೆ ಸಿಟ್ಟಿನಲ್ಲೇ.

ಅವನು ಇನ್ನೂ ಬಾಗಿಲ ಕಡೆ ಸರಿದ. ಫೋಟೋವನ್ನು ಬಿಸಿಲಿಗೆ ಎತ್ತಿ ಹಿಡಿದ. ತೂತುಗಳಲ್ಲಿ ಬೆಳಕು ಹಾಯ್ದು ಬಂತು. ಅವನು ನೋಡುತ್ತ ನಿಂತೇ ಇದ್ದ. ಅಷ್ಟರಲ್ಲಿ ಮುದುಕಿ ಕಣಗಿಲೆ ಹೂವು ತೋಯಿಸಿ ತಂದಳು.

"ನೋಡಿದ್ದು ಸಾಕು, ಕೊಡು. ಜಗಲಿ ಮ್ಯಾಲೆ ಇಟ್ಟು ಪ್ರಸಾದ ಕೇಳ್ತೀನಿ."

ಅಂದಪ್ಪ ಫೋಟೋ ಕೊಡಲಿಲ್ಲ. ಎರಡೂ ಕೈಯಿಂದ ಎದೆಗೆ ಒತ್ತಿಕೊಂಡ.

"ಪ್ರಸಾದ ಕೇಳೂದು ಬ್ಯಾಡ ಆಯಿ."

"ಯಾಕೋ? ಒಲ್ಲೇನು?"

ಈಶಪ್ಪನವರು ರುಮಾಲು ತೆಗೆದುಕೊಂಡು ಏಳಲು ಹೊರಟರು. ಅಂದಪ್ಪನ ಕಿವಿ ಕೆಂಪಗಾಗಿತ್ತು.

"ಹಂಗಲ್ಲ ಆಯಿ," ಎಂದ. "ಹೂ ಎಡಕ್ಕ ಬಿದ್ರ ನಾ ಏನ ಮಾಡ್ಲಿ?"