ಅರ್ಧದಲ್ಲೇ ನಿಂತ ಮುಳ್ಳು

ಆ ಹಳೇ ಲಾರಿಗೆ ಸುಳ್ಳು ಹೇಳುವ ಚಟ ಹತ್ತಿತ್ತು. ಟ್ಯಾಂಕ್ ತುಂಬಿದರೂ ಡೀಸೆಲ್ ಮುಳ್ಳು ಅರ್ಧದಲ್ಲೇ, ತಳ ಕಂಡರೂ ಅರ್ಧದಲ್ಲೇ. ಅದನ್ನು ನಂಬಿದ ಅಪ್ಪ ಹೋದ ವಾರ ಸೇತುವೆಯ ನಟ್ಟನಡುವೆ ಗಾಡಿ ನಿಲ್ಲಿಸಿಕೊಂಡ. ಡೀಸೆಲ್ ಗಾಡಿ ಒಮ್ಮೆ ಒಣಗಿತೆಂದರೆ, ಡೀಸೆಲ್ ಸುರಿದ ಕೂಡಲೇ ಏಳುವುದಿಲ್ಲ. ಪೈಪಿಗೆ ಸೇರಿದ ಗಾಳಿ ತೆಗೆಯಬೇಕು. ಅವನು ಗಾಳಿ ತೆಗೆಯುವಷ್ಟರಲ್ಲಿ ಹಿಂದಿನ ಗಾಡಿಗಳವರು ಅವನ ವಂಶವನ್ನೇ ಜಾಲಾಡಿದ್ದರು.

ಲಾರಿ ಅಪ್ಪನದೂ ಹೌದು, ಚಿಕ್ಕಪ್ಪನದೂ ಹೌದು. ಇವತ್ತು ಇವನು ಓಡಿಸಿದರೆ ನಾಳೆ ಅವನು. ಅಣ್ಣ ಏರಿಗೆಳೆದರೆ ತಮ್ಮ ನೀರಿಗೆಳೆಯುವ ಜೋಡಿ ಅದು. ಅಪರೂಪಕ್ಕೆ ಈ ಸಲ ಇಬ್ಬರದೂ ಒಂದೇ ಮಾತು: ಗುಜರಿಗೆ ಹಾಕೋಣ.

ಅಪ್ಪನ ಮಗಳು ಮಾತ್ರ ಒಪ್ಪಲಿಲ್ಲ. ಆ ಸ್ಟೀರಿಂಗ್ ಹಿಡಿಯಬೇಕೆಂದೇ ಅವಳು ಲೈಸೆನ್ಸ್ ಮಾಡಿಸಿದ್ದು. ಅದರ ಬಿಸಿ ಇನ್ನೂ ಆರಿರಲಿಲ್ಲ. ರೋಗ ಏನೆಂದು ನೋಡದೆ ಹೆಣ ಹೊರುತ್ತೀರಾ ಎಂದು ಜಗಳ ತೆಗೆದಳು. ಕೊನೆಗೆ ಅಪ್ಪ, ಗುಜರಿಯವನು ಸಂಜೆ ಬರುತ್ತಾನೆ, ಅಷ್ಟರೊಳಗೆ ಸರಿಮಾಡಿದರೆ ಲಾರಿ ಕೀ ನಿನ್ನದು ಎಂದುಬಿಟ್ಟ.

ಅವಳು ಮೊದಲು ಫ್ಯೂಸ್ ನೋಡಿದಳು. ಚೆನ್ನಾಗಿತ್ತು. ಆಮೇಲೆ ಟ್ಯಾಂಕಿನ ಮೇಲಿನ ವೈರ್ ಬಿಚ್ಚಿದಳು. ಮುಳ್ಳು ಸರ್ರನೆ ಕೆಳಗಿಳಿಯಿತು. ಅದೇ ವೈರನ್ನು ಗಾಡಿಯ ಕಬ್ಬಿಣಕ್ಕೆ ತಾಗಿಸಿದಳು. ಮುಳ್ಳು ಮೇಲಿನ ತುದಿಗೆ ಹಾರಿತು. ಅಲ್ಲಿಗೆ ಮುಳ್ಳೂ ನೆಟ್ಟಗಿದೆ, ವೈರೂ ನೆಟ್ಟಗಿದೆ. ಹುಳುಕು ಟ್ಯಾಂಕಿನೊಳಗೇ.

ಅಷ್ಟು ಹೊತ್ತು ಹಳೇ ಟೈರಿನ ಮೇಲೆ ಕೂತು ಆಕಳಿಸುತ್ತಿದ್ದ ಅಣ್ಣತಮ್ಮಂದಿರು ಅವಳು ಸ್ಕ್ರೂಡ್ರೈವರ್ ಎತ್ತಿದ್ದೇ ತಡ, ಒಟ್ಟಿಗೇ ಎದ್ದರು. ಟ್ಯಾಂಕ್ ಬಿಚ್ಚುವುದು ಬೇಡ, ಕಸ ಬೀಳುತ್ತದೆ ಎಂದ ಅಪ್ಪ. ಚಿಕ್ಕಪ್ಪನೂ ಹೌದೌದು ಎಂದ. ಇದ್ಯಾವ ಹೊಸ ಒಗ್ಗಟ್ಟು ಎಂದು ಅವಳ ಕಿವಿ ನೆಟ್ಟಗಾಯಿತು. ಅದಕ್ಕಿಂತ ಸೋಜಿಗವೆಂದರೆ ಸ್ಕ್ರೂಗಳು. ಇಷ್ಟು ಹಳೇ ಗಾಡಿಯಲ್ಲಿ ತುಕ್ಕು ಹಿಡಿದು ಕೂತಿರಬೇಕಾದವು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದವು. ತಲೆಗಳೆಲ್ಲ ಸವೆದಿದ್ದವು. ಯಾರೋ ಬಿಚ್ಚಿ ಬಿಚ್ಚಿ ಹಾಕಿದ್ದಾರೆ. ಯಾರು? ಯಾಕೆ?

ಮುಚ್ಚಳದ ಜೊತೆ ಒಳಗಿನ ಕಂಬಿಯೂ ಮೇಲೆ ಬಂತು. ಅದರ ತುದಿಯ ತೇಲುಡಬ್ಬಿ ಡೀಸೆಲ್ ಜೊತೆ ಏರಿಳಿದರೆ ಮುಳ್ಳೂ ಏರಿಳಿಯಬೇಕು. ಆದರೆ ಕಂಬಿ ಹಾವಿನ ಹಾಗೆ ಡೊಂಕಾಗಿತ್ತು; ಒಳಗೆ ಟ್ಯಾಂಕಿನ ಗೋಡೆಗೆ ಸಿಕ್ಕಿಕೊಂಡೇ ಕೂತಿದ್ದಿರಬೇಕು. ಮೈತುಂಬ ಇಕ್ಕಳ ಕಚ್ಚಿದ ಗುರುತು: ಒಂದು ಇಕ್ಕಳದ ಹಲ್ಲು ಒರಟು, ಇನ್ನೊಂದರದು ನಯ.

ಅವಳು ಕಂಬಿಯನ್ನು ಇಬ್ಬರ ಮುಂದೆಯೂ ಹಿಡಿದಳು. ಅಪ್ಪ ಕೆಮ್ಮಿದ.

"ನಿನ್ ಚಿಕ್ಕಪ್ಪ ಮುಳ್ಳು ನೆಲ ಮುಟ್ಟೋ ತನಕ ಬಂಕ್ ಕಡೆ ತಲೆ ಹಾಕಿ ಮಲಗೋನಲ್ಲ. ಸ್ವಲ್ಪ ಮುಂಚೆನೇ ಖಾಲಿ ತೋರಿಸ್ಲಿ ಅಂತ ಒಂಚೂರು ಬಗ್ಗಿಸ್ದೆ. ಎರಡು ದಿನಕ್ಕೆ ಮತ್ತೆ ಮೊದಲಿನ ಹಾಗೇ ಆಗೋದು. ಮತ್ತೆ ಬಗ್ಗಿಸ್ತಿದ್ದೆ."

ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ಅಣ್ಣನನ್ನೇ ನೋಡಿದ. "ಅದು ನೀನಾ ಅಣ್ಣ? ಮುಳ್ಳು ಯಾಕೋ ಕಮ್ಮಿ ತೋರಿಸ್ತಿದೆ ಅಂತ ನಾನು ಪ್ರತಿ ಸಲ ನೆಟ್ಟಗೆ ಮಾಡ್ತಿದ್ನಲ್ಲೋ. ನಿನಗೆ ಯಾಕೆ ತೊಂದರೆ ಅಂತ ಹೇಳ್ಲಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಂಬಿ ತಿದ್ದಿ, ಕೂರಿಸಿ, ಒಂದು ಕ್ಯಾನ್ ಡೀಸೆಲ್ ಸುರಿದಳು. ಮುಳ್ಳು ನಿದ್ದೆಯಿಂದ ಎದ್ದ ಹಾಗೆ ನಿಧಾನವಾಗಿ ಮೇಲೇರಿತು. ಗುಜರಿಯವನು ಬಂದಾಗ ಚಿಕ್ಕಪ್ಪನೇ ಅವನನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿದ.

ಅಪ್ಪ ಕೀ ಕೊಟ್ಟ. ಅವಳು ಅದನ್ನು ಜೇಬಿಗೆ ಹಾಕಿಕೊಂಡು ಮತ್ತೆ ಕೈ ಚಾಚಿದಳು.

"ಇನ್ನೇನಮ್ಮ?"

"ಇಕ್ಕಳ. ಇಬ್ರೂ ಕೊಡಿ."