ಒಂದು ಮೊರ ತೌಡಿನ ಮಗು

ನಮ್ಮ ಕಡೆ ಯಾರದಾದರೂ ಮಗುವನ್ನು ಚೆನ್ನಾಗಿದೆ ಅಂತ ಬಾಯಿ ಬಿಟ್ಟು ಹೇಳಿ ನೋಡಿ. ಆ ಮನೆಯ ಅಜ್ಜಿ ನಿಮ್ಮನ್ನು ಕೆಕ್ಕರಿಸಿ ನೋಡುತ್ತಾಳೆ. ಮಗುವಿನ ಕಡೆ ತಿರುಗಿ ಥೂ ಥೂ ಅನ್ನುತ್ತಾಳೆ. ನೀವು ಬೆನ್ನು ತಿರುಗಿಸಿದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಕಣ್ಣು ಬಿದ್ದೀತು ಅನ್ನೋ ಭಯ ಯಾವ ಮನೆಯಲ್ಲಿಲ್ಲ ಹೇಳಿ? ಸಾಲಿಗ್ರಾಮದ ಕುಳ್ಳಮ್ಮನ ಮನೆಯಲ್ಲಿ ಮಾತ್ರ ಅದು ಅತಿಯಾಗಿತ್ತು. ಅತಿಯಾಗುವುದಕ್ಕೆ ಕಾರಣವೂ ಇತ್ತು.

ಕುಳ್ಳಮ್ಮನ ಮಗ ಕೆಂಪಯ್ಯ. ಸೊಸೆ ಮಂಗಳಮ್ಮ. ನಾಲೆ ಬಯಲಿನಲ್ಲಿ ಗದ್ದೆ, ಕೊಟ್ಟಿಗೆಯಲ್ಲಿ ಎಮ್ಮೆ, ಮಹಾರಾಜರ ಕಾಲದಲ್ಲಿ ಹೊಟ್ಟೆಬಟ್ಟೆಗೆ ಕಷ್ಟವಿಲ್ಲದ ಮನೆ. ಆದರೆ ಮಂಗಳಮ್ಮನ ಮೊದಲ ಎರಡು ಗಂಡುಕೂಸುಗಳು ಹೆಜ್ಜೆ ಇಡುವ ಮೊದಲೇ ತೀರಿಕೊಂಡವು. ಗುಂಡುಗುಂಡಗೆ ಮುದ್ದಾಗಿದ್ದವು. ಕಂಡವರೆಲ್ಲ ಎತ್ತಿ ಆಡಿಸಿದ್ದರು. ಜನರ ಕಣ್ಣೇ ತಿಂದುಹಾಕಿತು ಅಂತ ಕುಳ್ಳಮ್ಮ ತೀರ್ಮಾನ ಮಾಡಿಬಿಟ್ಟಳು.

ಹಾಗಾಗಿ ಮೂರನೆಯದಾಗಿ ಹೆಣ್ಣುಮಗು ಹುಟ್ಟಿದಾಗ ಹಳೇ ಶಾಸ್ತ್ರ ಮಾಡಿದರು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟರು. ಪಕ್ಕದ ಮನೆಯ ಜಾನ್ ಬೀ, ಪಾತ್ರೆಗಳಿಗೆ ಕಲಾಯಿ ಹಾಕುವ ಖದೀರನ ಹೆಂಡತಿ, ಬಂದು ಎತ್ತಿಕೊಂಡಳು. ಮಂಗಳಮ್ಮ ಅವಳಿಗೆ ಒಂದು ಮೊರ ತೌಡು ಕೊಟ್ಟು ತನ್ನ ಕೂಸನ್ನು ತಾನೇ ಕೊಂಡುಕೊಂಡಳು. ಇದು ತಿಪ್ಪೆಯಲ್ಲಿ ಸಿಕ್ಕ ಕಸ, ತೌಡಿಗೆ ಬಂದದ್ದು, ಇದರ ಮೇಲೆ ಯಮನಿಗೂ ಆಸೆ ಹುಟ್ಟಬಾರದು ಅಂತ. ಹೆಸರೂ ತೌಡಿ ಅಂತಲೇ ಇಟ್ಟರು.

ಮಗು ಉಳಿಯಿತು. ಶಾಸ್ತ್ರ ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಕುಳ್ಳಮ್ಮ ಮುಗಿಸಲಿಲ್ಲ. ಈ ಮಗುವಿನ ಬಗ್ಗೆ ಮನೆಯಲ್ಲಿ ಯಾರೂ ಒಂದೊಳ್ಳೆ ಮಾತು ಆಡಕೂಡದು ಅಂತ ಕಟ್ಟು ಮಾಡಿದಳು. ತೌಡಿ ಚೊಂಬಿನಲ್ಲಿ ನೀರು ತಂದರೆ, "ಚೆಲ್ಲಿ ಸಾಯ್ತೀಯ, ಮಡಗು ಅಲ್ಲಿ" ಅನ್ನುವುದು. ಬಾಗಿಲಲ್ಲಿ ರಂಗೋಲಿ ಎಳೆದರೆ, "ಕೋಳಿ ಕೆದರ್ದಂಗದೆ" ಅಂತ ಕಾಲಲ್ಲಿ ಅಳಿಸುವುದು. ಮಂಗಳಮ್ಮನೂ ಅದೇ ಪಾಠ ಕಲಿತಳು. ಮಗಳ ಕೆನ್ನೆ ಸವರಬೇಕು ಅನ್ನಿಸಿದಾಗಲೆಲ್ಲ ಕೈ ಹಿಂದಕ್ಕೆಳೆದುಕೊಂಡು, "ಓಗತ್ಲಾಗೆ, ಕಸ ನೀನು" ಅನ್ನುತ್ತಿದ್ದಳು. ಬೈದಷ್ಟೂ ಮಗಳ ಆಯಸ್ಸು ಗಟ್ಟಿ ಅಂತ ಅವಳ ನಂಬಿಕೆ.

ತೌಡಿಗೆ ಐದು ವರ್ಷ ತುಂಬಿತು. ಅವಳ ಬಾಯಲ್ಲಿ ಮಾತೇ ಕಡಿಮೆ. ಏನು ಹೇಳಿದರೂ "ನಂಗೆ ಬರಕಿಲ್ಲ" ಅನ್ನುತ್ತಿದ್ದಳು. ಸಾಧು ಮಗು ಅಂತ ಮನೆಯವರು ನೆಮ್ಮದಿಯಾಗಿದ್ದರು.

ಒಂದು ಮಧ್ಯಾಹ್ನ ಮಂಗಳಮ್ಮ ಗದ್ದೆಯಲ್ಲಿ ಕಳೆ ಕಿತ್ತು ಮನೆಗೆ ಬರುತ್ತಿದ್ದಳು. ತಿಪ್ಪೆಯ ಪಕ್ಕದಲ್ಲಿ ಜಾನ್ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತಿಪ್ಪೆಯ ಮೇಲೆ ಒಂದು ಮೊರ. ಮೊರದೊಳಗೆ ಕಾಲು ಮಡಚಿಕೊಂಡು ತೌಡಿ ಕೂತಿದ್ದಳು. ಮಂಗಳಮ್ಮ ಓಡಿ ಹತ್ತಿರ ಬಂದಳು.

"ಏನೇ ಇದು? ಇಳಿ ಕೆಳೀಕೆ."

"ಇಳಿಯಕಿಲ್ಲ ಕಣವ್ವ," ಅಂದಳು ತೌಡಿ. "ಮೊಸರಿನ ಗಡಿಗೆ ಒಳೀಕ್ ಮಡಗಾನ ಅಂತ ಎತ್ಕಂಡೆ. ಬಿದ್ದೋಯ್ತು. ನಿಂಗೆ ಕೊಟ್ಟ ತೌಡೂ ದಂಡ ಅಂದ್ಲು ಅಜ್ಜಿ. ಅದ್ಕೆ ಜಾನಮ್ಮನ ಕೇಳ್ದೆ, ನಮ್ಮವ್ವನ ತೌಡು ವಾಪಸ್ ಕೊಟ್ಬುಡು ಅಂತ. ಕೊಡಕಿಲ್ಲ ಅಂತಾಳೆ. ನೀನೇ ಈಸ್ಕೊ. ತೌಡಾದ್ರೆ ಎಮ್ಮೆಗಾದ್ರೂ ಆಯ್ತದೆ."

ಮಂಗಳಮ್ಮನಿಗೆ ಸಿಡಿಲು ಬಡಿದ ಹಾಗಾಯಿತು. ಹೇಗೋ ಕೇಳಿದಳು.

"ಇಲ್ಲಿ ಕುಂತು ಏನ್ಮಾಡ್ತೀಯೆ?"

"ಗೊಬ್ಬರದ ಗಾಡಿ ಬತ್ತದಲ್ಲ. ಕಸದ ಜೊತೆ ಓಯ್ತೀನಿ."

ಮಗು ಅಳುತ್ತಿರಲಿಲ್ಲ. ಮುನಿಸಿಕೊಂಡೂ ಇರಲಿಲ್ಲ. ನೆಂಟರ ಮನೆಗೆ ಹೋಗಿ ಬರ್ತೀನಿ ಅನ್ನುವಷ್ಟು ಸಲೀಸಾಗಿ ಹೇಳಿತು. ಅತ್ತಿದ್ದರೆ ಮಂಗಳಮ್ಮ ಗದರಿ ಸುಮ್ಮನಾಗಿಸುತ್ತಿದ್ದಳು, ಹಟ ಮಾಡಿದ್ದರೆ ಎರಡು ಏಟು ಹಾಕುತ್ತಿದ್ದಳು. ಇದಕ್ಕೆ ಏನು ಮಾಡಬೇಕು ಅಂತ ಅವಳಿಗೆ ತಿಳಿಯಲೇ ಇಲ್ಲ. ಕೊನೆಗೆ ಜಾನ್ ಬೀಯೇ ತಿಪ್ಪೆ ಹತ್ತಿ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ತನ್ನ ಮನೆಗೆ ನಡೆದಳು. ಮಂಗಳಮ್ಮ ದೆವ್ವ ಹೊಡೆದವಳಂತೆ ಹಿಂದೆ ಹೋದಳು.

ಜಾನ್ ಬೀ ಜಗಲಿಯ ಮೇಲೆ ತೌಡಿಯನ್ನು ಕೂರಿಸಿ ಕೈಗೆ ಒಂದು ಕಿಲುಬು ಹಿಡಿದ ಲೋಟ, ಚೂರು ಹುಣಸೇಹಣ್ಣು ಕೊಟ್ಟಳು.

"ನಂಗೆ ಬರಕಿಲ್ಲ."

"ಬರದಿದ್ರೆ ನೋಡ್ಕೋ ಬೇಟಿ. ಹಿಂಗೆ ಉಜ್ಜೋದು. ಈಗ ನೀನು ಉಜ್ಜು. ನಿಧಾನ ಆಗ್ಲಿ, ಯಾರೂ ಕಿತ್ಕೊಳ್ಳಲ್ಲ."

ಆಮೇಲೆ ಅವಳು ಮಂಗಳಮ್ಮನ ಪಕ್ಕ ಕೂತಳು. ಮಂಗಳಮ್ಮನಿಗೆ ಆಗ ಅಳು ಒತ್ತರಿಸಿ ಬಂತು.

"ನಾವೇನು ಮಗೀನ ಮ್ಯಾಲೆ ಹಗೆ ಸಾಧಿಸ್ತಿದ್ವಾ ಜಾನಕ್ಕ? ಜೀವ ಉಳ್ಕಳ್ಳಿ ಅಂತ ಬೈದೋ."

"ನಿಂಗೆ ಗೊತ್ತು, ನಂಗೆ ಗೊತ್ತು. ಆ ಮಗೂಗೆ ಯಾರು ಹೇಳಿದ್ರು? ಐದು ವರ್ಷದ ಕೂಸಿಗೆ ಅವ್ವ ಆಡಿದ್ದೇ ಸತ್ಯ. ನೀನು ಯಮಂಗೆ ಸುಳ್ಳು ಹೇಳಾಕ್ ಹೋದೆ. ಯಮ ನಂಬಿದ್ನೋ ಇಲ್ವೋ, ಮಗು ನಂಬ್ತು."

ಮಂಗಳಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಮ್ಮಲ್ಲೂ ಕಣ್ಣು ಬೀಳೋದಕ್ಕೆ ನಜರ್ ಅಂತಾರೆ," ಅಂದಳು ಜಾನ್ ಬೀ. "ಕಾಡಿಗೆ ಬೊಟ್ಟು ಇಡ್ತೀವಿ. ಕೆನ್ನೆಗೆ ಇಡ್ತೀವಿ ಕಣಮ್ಮ, ಮನಸ್ಸಿಗೆ ಇಡಲ್ಲ."

"ಅಂಗಂತ ಒಗಳ್ತಾ ಕುಂತ್ರೆ ತಲೆ ಮ್ಯಾಲೆ ಅತ್ತಿ ಕುಂತ್ಕಳಲ್ವಾ?"

"ಹೊಗಳು ಅಂದ್ನಾ ನಾನು? ರಾಣಿ, ರತ್ನ ಅನ್ನೋದೂ ಬ್ಯಾಡ. ಕಂಡದ್ದ ಹೇಳು. ನೀರು ತಂದ್ರೆ, ತಂದ್ಯಲ್ಲ, ನಂಗೆ ಒಂದ್ ಕೆಲ್ಸ ಉಳೀತು ಅನ್ನು. ಚೆಲ್ಲಿದ್ರೆ ಬಟ್ಟೆ ಕೊಡು, ಒರೆಸ್ಲಿ. ಗಡಿಗೆ ಒಡೆದ್ರೆ ಗಡಿಗೆ ಒಡೀತು ಅನ್ನು, ನೀನು ಕಸ ಅನ್ನಬ್ಯಾಡ. ಸಾರಿಗೆ ಸೊಪ್ಪು ಹಾಕೋಣ್ವಾ, ಕಾಳು ಹಾಕೋಣ್ವಾ ಅಂತ ಒಂದಿನ ಕೇಳು. ಅವಳು ಹೇಳಿದ್ದನ್ನೇ ಹಾಕು. ಇದಕ್ಕೆ ಏನು ಖರ್ಚು?"

ಅಷ್ಟರಲ್ಲಿ ತೌಡಿ ಲೋಟ ತಂದು ಮುಂದಿಟ್ಟಳು. ಒಂದು ಕಡೆ ಬೆಳ್ಳಗಾಗಿತ್ತು, ಇನ್ನೊಂದು ಕಡೆ ಕಿಲುಬು ಹಾಗೇ ಇತ್ತು. ಜಾನ್ ಬೀ ಬೆಳ್ಳಗಾದ ಕಡೆ ಬೆರಳಿಟ್ಟು, "ಇಲ್ಲಿ ಚೆನ್ನಾಗಿ ಉಜ್ಜಿದ್ದೀಯ, ನನ್ನ ಮುಖ ಕಾಣ್ತದೆ" ಅಂದಳು. ತೌಡಿ ಲೋಟ ವಾಪಸ್ ತೆಗೆದುಕೊಂಡು ಹೋಗಿ ಇನ್ನೊಂದು ಕಡೆಯನ್ನೂ ಉಜ್ಜತೊಡಗಿದಳು. ಯಾರೂ ಹೇಳಿರಲಿಲ್ಲ.

ಮರುದಿನ ಮಂಗಳಮ್ಮ ಅವರೆಕಾಯಿ ಸುಲಿಯಲು ಮಗಳನ್ನು ಪಕ್ಕ ಕೂರಿಸಿಕೊಂಡಳು. ತೌಡಿ ಹುಳ ತಿಂದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಬೇರೆ ಹಾಕುತ್ತಿದ್ದಳು.

"ಉಳುಕೆಲ್ಲ ನೋಡಿ ನೋಡಿ ಬ್ಯಾರೆ ಮಡಗಿದ್ದೀಯಲ್ಲ. ನಂಗೇ ಕಾಣ್ತಿರ್ಲಿಲ್ಲ ಕಣವ್ವ," ಅಂದಳು ಮಂಗಳಮ್ಮ.

ತೌಡಿ ಹಿಂದಕ್ಕೆ ತಿರುಗಿ ನೋಡಿದಳು. ಅವ್ವ ಯಾರಿಗೆ ಹೇಳುತ್ತಿದ್ದಾಳೆ, ಹಿಂದೆ ಯಾರು ಬಂದಿದ್ದಾರೆ ಅಂತ ನೋಡಿದಳು.

ಮಂಗಳಮ್ಮನ ಕೈಯಲ್ಲಿದ್ದ ಅವರೆಕಾಯಿ ಕೆಳಗೆ ಬಿತ್ತು. ತಿಪ್ಪೆಯ ಹತ್ತಿರ ಆಗಿದ್ದಕ್ಕಿಂತ ದೊಡ್ಡ ಪೆಟ್ಟು ಅದು. ಒಳ್ಳೆಯ ಮಾತು ತನಗೆ ಹೇಳಿದ್ದಿರಬಹುದು ಅಂತ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೇ ಹೊಳೆಯಲಿಲ್ಲವಲ್ಲ. "ನಿಂಗೇ ಕಣೆ ಯೋಳಿದ್ದು, ನಿಂಗೆ," ಅಂತ ಅವಳು ಮಗಳನ್ನು ಎಳೆದು ಅಪ್ಪಿಕೊಂಡಳು.

ಒಳಗಿಂದ ಕುಳ್ಳಮ್ಮ ಬಂದಳು. "ಮೈಮ್ಯಾಲೆ ಗ್ಯಾನ ಅದಾ ನಿಂಗೆ? ಎರಡು ಮಣ್ಣು ಮಾಡಿದ್ದು ಸಾಲ್ದಾ?"

"ಅತ್ತೆ, ಅವೆರಡು ಸತ್ತೋದೊ. ಇದು ಬದುಕಿದ್ದೂ ತಿಪ್ಪೆ ಮ್ಯಾಲೆ ಕುಂತಿತ್ತು. ನಾ ಇನ್ ಬೈಯಾಕಿಲ್ಲ."

ಕುಳ್ಳಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ವಾರ ಕಳೆಯಲಿಲ್ಲ, ತೌಡಿಗೆ ಜ್ವರ ಬಂತು. ಗಡಗಡ ನಡುಗುವ ಜ್ವರ. ಕೌದಿಯ ಮೇಲೆ ಕೌದಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. "ಬಡ್ಕಂಡೆ ನಾನು, ಕೇಳಿದ್ಯಾ?" ಅಂತ ಕುಳ್ಳಮ್ಮ ಎದೆ ಬಡಿದುಕೊಂಡಳು. ಮಂಗಳಮ್ಮನ ಧೈರ್ಯವೆಲ್ಲ ಉಡುಗಿಹೋಯಿತು. ನಾನೇ ಕೊಂದುಬಿಟ್ಟೆನೇ ಅಂತ ಕುಸಿದು ಕೂತಳು.

ಜಾನ್ ಬೀ ಬಂದು ಹಣೆ ಮುಟ್ಟಿ ನೋಡಿ ಕೆಂಪಯ್ಯನಿಗೆ ಗದರಿದಳು. "ನಿವಾಳಿಸ್ತಾ ನಿಂತ್ಕೋಬೇಡಿ. ಎತ್ಕೊಂಡು ನಡೀರಿ ಆಸ್ಪತ್ರೆಗೆ." ಆಸ್ಪತ್ರೆಯ ಕಾಂಪೌಂಡರು ನಾಲಿಗೆ ನೋಡಿ, ಹೊಟ್ಟೆ ಒತ್ತಿ ನೋಡಿ, ಕೊಯಿನಾ ಮಾತ್ರೆ ಕಟ್ಟಿಕೊಟ್ಟರು. ಒಳ್ಳೆ ಮಾತು ಆಡಿದ್ದಕ್ಕೆ ಕಣ್ಣು ಬಿತ್ತೇನೋ ಅಂತ ಕೆಂಪಯ್ಯ ಕೇಳಿದ. "ಚಳಿಜ್ವರ. ಗದ್ದೆ ಬಯಲಿನ ಸೊಳ್ಳೆ ಕಚ್ಚಿ ಬರೋದು. ಒಳ್ಳೆ ಮಾತು ಆಡಿದ್ರೆ ಬರೋದಲ್ಲ," ಅಂದರು.

ಕೆಂಪಯ್ಯ ಮಗುವನ್ನು ತಂದು ನಡುಮನೆಯಲ್ಲಿ ಮಲಗಿಸಿದ. ಕುಳ್ಳಮ್ಮ ದೂರದ ಕಂಬಕ್ಕೆ ಒರಗಿ ಕೂತಿದ್ದಳು. ಜ್ವರ ಸ್ವಲ್ಪ ಇಳಿದಾಗ ತೌಡಿ ಕಣ್ಣು ಬಿಟ್ಟಳು. ಅಜ್ಜಿಯ ಕಡೆ ನೋಡಿದಳು.

"ಅಜ್ಜಿ, ನಾನು ಸತ್ತೋದ್ರೆ ನೀನು ಅಳ್ತೀಯಾ?"

ಮಗು ಕೆಣಕಲು ಕೇಳಿದ್ದಲ್ಲ. ಗೊತ್ತಿರಲಿಲ್ಲ, ಕೇಳಿತು. ಹಗಲೂ ಇರುಳೂ ಈ ಮಗು ಸಾಯಬಾರದು ಅಂತ ಕಂಡಕಂಡ ದೇವರಿಗೆ ಹರಕೆ ಹೊತ್ತಿದ್ದ ಮುದುಕಿ ಕುಳ್ಳಮ್ಮ. ಅದೊಂದು ಮಾತ್ರ ಮಗುವಿಗೆ ತಿಳಿಯದಂತೆ ಐದು ವರ್ಷ ಬಚ್ಚಿಟ್ಟಿದ್ದಳು.

ಕುಳ್ಳಮ್ಮ ತೆವಳಿಕೊಂಡು ಬಂದು ಮೊಮ್ಮಗಳ ಪಾದ ಹಿಡಿದುಕೊಂಡಳು. "ನಿನ್ ಬಿಟ್ಟು ನಂಗ್ಯಾರವ್ವ ಅವ್ರೆ? ನನ್ನ ಚಿನ್ನ ಕಣೆ ನೀನು. ಈ ಮನೆ ದೀಪ ಕಣೆ," ಅಂದಳು. ಓಣಿಗೆಲ್ಲ ಕೇಳುವ ಹಾಗೆ ಅಂದಳು. ಥೂ ಅನ್ನಲಿಲ್ಲ, ನಿವಾಳಿಸಲಿಲ್ಲ.

ಜ್ವರ ಬಿಟ್ಟಿತು. ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಐದು ವರ್ಷ ಆಡಿದ ಮಾತು ಐದು ದಿನಕ್ಕೆ ಅಳಿಸುತ್ತದೆಯೇ? ಎಷ್ಟೋ ದಿನ ತೌಡಿ ಏನಾದರೂ ಕೆಳಗೆ ಬಿದ್ದರೆ ಸಾಕು, ಬಾಗಿಲ ಸಂದಿಗೆ ಓಡಿ ಅವಿತುಕೊಳ್ಳುತ್ತಿದ್ದಳು. ಮಂಗಳಮ್ಮ ಪ್ರತಿ ಸಲವೂ ಹೋಗಿ ಕೈಹಿಡಿದು ಕರೆತರುತ್ತಿದ್ದಳು. ಕೋಳಿಗೆ ಕಾಳು ಹಾಕುವ ಕೆಲಸ ಅವಳದೇ ಅಂತ ಮಾಡಿದರು. ಮರೆತ ದಿನ ನೆನಪಿಸಿದರು, ಬೇರೆಯವರು ಮಾಡಿಬಿಡಲಿಲ್ಲ. ಕುಳ್ಳಮ್ಮನ ನಾಲಿಗೆ ಆಗಾಗ ಹಳೇ ದಾರಿಗೆ ಹೊರಳುತ್ತಿತ್ತು. ಅವಳೇ ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ಬೇಸಿಗೆ ಬಂತು. ಒಂದು ಬೆಳಗ್ಗೆ ಕುಳ್ಳಮ್ಮ ಒಲೆಯ ಮುಂದೆ ರಾಗಿರೊಟ್ಟಿ ತಟ್ಟುತ್ತಾ, ಮೊಮ್ಮಗಳಿಗೂ ಒಂದು ಉಂಡೆ ಹಿಟ್ಟು ಕೊಟ್ಟಳು. ತೌಡಿ ಬಾಳೆಲೆಯ ಮೇಲೆ ತಟ್ಟಿದಳು. ನಡುವೆ ಹರಿಯಿತು. ಬಾಗಿಲಲ್ಲಿದ್ದ ಮಂಗಳಮ್ಮ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಮಗು ಈಗ ಎದ್ದು ಓಡುತ್ತದೆ ಅಂತ ಕಾದಳು.

ತೌಡಿ ಹರಿದ ರೊಟ್ಟಿಯನ್ನು ನೋಡಿದಳು. ಹಿಟ್ಟನ್ನೆಲ್ಲ ಮತ್ತೆ ಉಂಡೆ ಮಾಡಿದಳು.

"ಅರ್ದೋಯ್ತು ಕಣಜ್ಜಿ. ತಾಳು, ಇನ್ನೊಂದ್ ಕಿತ ತಟ್ತೀನಿ."

ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ನಿಮ್ಮ ಮನೆಯ ಮಗುವನ್ನು ಇವತ್ತು ಏನೆಂದು ಕರೆದಿರಿ? ಪ್ರೀತಿಗೆ ಅಂದೆ, ತಮಾಷೆಗೆ ಅಂದೆ, ದೃಷ್ಟಿಯಾಗದಿರಲಿ ಅಂತ ಅಂದೆ ಅಂತೀರಿ. ಮಗು ಅದನ್ನು ನಿಜ ಅಂತಲೇ ಕೇಳಿಸಿಕೊಳ್ಳುತ್ತದೆ. ಬೆರಳಿಗೆ ಎಟುಕುವಷ್ಟು ಕೆಲಸ ಕೊಡಿ. ಕೊಟ್ಟ ಕೆಲಸ ಕಿತ್ತುಕೊಳ್ಳಬೇಡಿ. ತಪ್ಪಾದರೆ ತಪ್ಪನ್ನು ತಿದ್ದಿ, ಮಗುವನ್ನು ತುಳಿಯಬೇಡಿ. ನಾಳೆಗೆ ಅಂತ ಇಟ್ಟುಕೊಳ್ಳಬೇಡಿ. ಈಗಲೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅದು ಇವತ್ತು ಮಾಡಿದ ಒಂದು ಕೆಲಸವನ್ನು ಅದರ ಮುಖ ನೋಡಿ ಹೇಳಿ. ಆಗ ನಿಮ್ಮ ಮಗು ಹಿಂದಕ್ಕೆ ತಿರುಗಿ ನೋಡದಿದ್ದರೆ ನೀವು ಪುಣ್ಯವಂತರು.